ಪುಕ್ಕಕ್ಕೊಂದು, ತುಪ್ಪಳಕ್ಕೊಂದು: ಏರ್ ರೈಫಲ್ ಗುಂಡಿನ ಸುತ್ತಣ ನಂಬಿಕೆಗಳು

ಬ್ರಿಟನ್ನಿನಲ್ಲಿ ಏರ್ ರೈಫಲ್ ಹಿಡಿದು ಹೊಲ ಕಾಯುವವರ ನಡುವೆ ಒಂದು ಹಳೆಯ ಮಾತಿದೆ: ಪುಕ್ಕಕ್ಕೆ .177, ತುಪ್ಪಳಕ್ಕೆ .22. ಹಕ್ಕಿಗಾದರೆ 4.5 ಮಿಲಿಮೀಟರಿನ ಸಣ್ಣ ಪೆಲೆಟ್, ಮೊಲಕ್ಕಾದರೆ 5.5 ಮಿಲಿಮೀಟರಿನ ದೊಡ್ಡದು ಎಂದು ಅದರ ಅರ್ಥ. ಇದಕ್ಕೆ ನೇರ ಎದುರಾದ ನಂಬಿಕೆಯೂ ಅಷ್ಟೇ ಗಟ್ಟಿಯಾಗಿದೆ. ಅಲ್ಲಿನ ಕಾಡುಪಾರಿವಾಳದ ಗರಿ ಕವಚವಿದ್ದಂತೆ, ಸಣ್ಣ ಪೆಲೆಟ್ ಅದಕ್ಕೆ ನಾಟುವುದಿಲ್ಲ, .22ರ ಪೆಟ್ಟು ಬಿದ್ದರೆ ಮಾತ್ರ ಹಕ್ಕಿ ಉರುಳುತ್ತದೆ ಎಂದು ಹೇಳುವವರಿಗೆ ಕೊರತೆಯಿಲ್ಲ. ಮೇಲ್ನೋಟಕ್ಕೆ ಜಗಳವಾಡುವ ಈ ಎರಡು ಮಾತಿನ ಬೇರು ಒಂದೇ. ಹಕ್ಕಿಯನ್ನು ಕೊಲ್ಲುವುದು ಪೆಲೆಟ್ಟಿನ ಗಾತ್ರ ಎಂದು ಎರಡೂ ನಂಬಿವೆ. ಕೊಲ್ಲುವುದು ಪೆಲೆಟ್ ಬಿದ್ದ ಜಾಗ. ಗಾತ್ರ, ತೂಕ, ಮೂತಿಯ ಆಕಾರ, ಡಬ್ಬದ ಮೇಲೆ ಅಚ್ಚಾದ ವೇಗ ಇವೆಲ್ಲ ಆ ಜಾಗಕ್ಕೆ ಪೆಲೆಟ್ಟನ್ನು ತಲುಪಿಸಲು ಎಷ್ಟು ನೆರವಾಗುತ್ತವೋ ಅಷ್ಟೇ ಮುಖ್ಯ.

ಮೊದಲು 'ಪೆಟ್ಟಿನ ಬಲ' ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಬ್ರಿಟನ್ನಿನ ಕಾನೂನು ಸಾಮಾನ್ಯ ಏರ್ ರೈಫಲ್ಲಿನ ಶಕ್ತಿಗೆ 12 ಫುಟ್-ಪೌಂಡ್, ಅಂದರೆ ಸುಮಾರು 16 ಜೂಲ್ ಮಿತಿ ಹಾಕಿದೆ. ಒಂದು ಕಿಲೋ ಕಲ್ಲು ಆಳೆತ್ತರದಿಂದ ಬಿದ್ದಾಗ ಇರುವಷ್ಟು ಶಕ್ತಿ ಅದು. ಎರಡು ಗಾತ್ರಕ್ಕೂ ಮಿತಿ ಒಂದೇ ಆದ್ದರಿಂದ ದೊಡ್ಡ ಪೆಲೆಟ್ಟಿಗೆ ಹೆಚ್ಚಿನ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಅರ್ಧ ಗ್ರಾಂ ಆಸುಪಾಸಿನ .177 ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಟರೆ, ಒಂದು ಗ್ರಾಮಿನ .22 ಸುಮಾರು 175 ಮೀಟರ್ ವೇಗದಲ್ಲಿ ಹೊರಡುತ್ತದೆ. ಕಾಡುಪಾರಿವಾಳದ ತೂಕ ಹೆಚ್ಚುಕಡಿಮೆ ಅರ್ಧ ಕಿಲೋ. .22 ಪೆಲೆಟ್ ನಳಿಗೆಯಿಂದ ಹೊರಟ ವೇಗದಲ್ಲೇ ಬಂದು ಹಕ್ಕಿಯ ಮೈಯಲ್ಲಿ ಪೂರ್ತಿ ನಿಂತುಬಿಟ್ಟಿತು ಎಂದೇ ಇಟ್ಟುಕೊಂಡರೂ, ಹಕ್ಕಿಗೆ ಸಿಗುವ ನೂಕು ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್; .177ರಿಂದ ಸುಮಾರು 26. ನಾವು ಮೆಲ್ಲಗೆ ಹೆಜ್ಜೆ ಹಾಕುವ ವೇಗದ ಅರ್ಧವೂ ಅಲ್ಲ. 30 ಮೀಟರ್ ದಾಟುವಷ್ಟರಲ್ಲಿ ಅದೂ ಕರಗಿರುತ್ತದೆ. ಯಾವ ಪೆಲೆಟ್ಟೂ ಹಕ್ಕಿಯನ್ನು ಬಡಿದು ಬೀಳಿಸುವುದಿಲ್ಲ. ಹಕ್ಕಿ ಕೊಂಬೆಯಿಂದ ಕಲ್ಲಿನಂತೆ ಬಿದ್ದರೆ ಮಿದುಳೋ ಹೃದಯವೋ ನಿಂತಿತೆಂದು ಅರ್ಥ. ಅದರಲ್ಲಿ ನೂಕಿನ ಪಾಲೇ ಇಲ್ಲ.

ಹಾಗಾದರೆ ಆ ಜಾಗ ಎಷ್ಟಿದೆ? ಪಾರಿವಾಳದ ಮಿದುಳು ಕಣ್ಣಿನ ಹಿಂದೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿದೆ. ಅಲ್ಲಿಗೆ ಬಿದ್ದ ಈಡು ಹಕ್ಕಿಗೆ ನೋವು ತಿಳಿಯುವ ಮೊದಲೇ ಮುಗಿಸುತ್ತದೆ. ಆದರೆ ನಡೆಯುವ ಪಾರಿವಾಳದ ತಲೆ ಹೆಜ್ಜೆಹೆಜ್ಜೆಗೂ ಮುಂದಕ್ಕೆ ಚಿಮ್ಮಿ ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ. ಗುರಿಕಾರ ಕುದುರೆ ಎಳೆದು ಪೆಲೆಟ್ ತಲುಪುವಷ್ಟರಲ್ಲಿ ತಲೆ ಎರಡು ಬೆರಳು ಆಚೆ ಇರಬಹುದು. ಎದೆಗೂಡಿನ ಹೃದಯ ಮತ್ತು ಶ್ವಾಸಕೋಶದ ಭಾಗ ಇದಕ್ಕಿಂತ ಸ್ವಲ್ಪ ದೊಡ್ಡದು, ಅಲುಗಾಟವೂ ಕಡಿಮೆ. ಅದಕ್ಕೇ 'ಮೈಗೆ ಹೊಡೆ, ದೊಡ್ಡ ಗುರಿ ಸಿಗುತ್ತದೆ' ಎಂಬ ಸಲಹೆ ಹುಟ್ಟಿದೆ. ಮೈ ದೊಡ್ಡದು ನಿಜ, ಅದರೊಳಗಿನ ಹೃದಯ ದೊಡ್ಡದಲ್ಲ. ಹಕ್ಕಿಯ ದುಂಡನೆಯ ರೂಪದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಗರಿ, ಎದೆಯ ಮಾಂಸ, ಹೊಟ್ಟೆ. ಎದುರಿನಿಂದ ನೋಡಿದರೆ ಇನ್ನೊಂದು ತೊಡಕಿದೆ. ಕತ್ತಿನ ಬುಡದಲ್ಲಿ ಕಾಳು ಕೂಡಿಡುವ ಚೀಲ ಇರುತ್ತದೆ. ಸಂಜೆ ಹೊಲದಿಂದ ಮರಕ್ಕೆ ಮರಳುವ ಹಕ್ಕಿಯಲ್ಲಿ ಅದು ಗೋಧಿಯಿಂದಲೋ ಬಟಾಣಿಯಿಂದಲೋ ಬಿಗಿದು, ಮರಳು ತುಂಬಿದ ಮೂಟೆಯಂತೆ ಎದೆಯ ಮುಂದೆ ಉಬ್ಬಿರುತ್ತದೆ. ಪೆಲೆಟ್ ಆ ಕಾಳಿನಲ್ಲೇ ತಡೆದು ನಿಲ್ಲಬಹುದು. 'ಗರಿಯ ಕವಚ' ಎಂಬ ನಂಬಿಕೆಯ ಹಿಂದೆ ಬಹುಪಾಲು ಇರುವುದು ಈ ಮೂಟೆ ಎಂದು ನನ್ನ ಅಂದಾಜು. ಪಕ್ಕದಿಂದ, ರೆಕ್ಕೆ ಮೈಗೆ ಸೇರುವ ಕಡೆ ಬಿದ್ದ ಅದೇ .177 ಗರಿ ದಾಟಿ ಹೃದಯ ಮುಟ್ಟುತ್ತದೆ.

ದೊಡ್ಡ ಪೆಲೆಟ್ಟಿನ ಪರವಾಗಿ ಬರುವ ಗಂಭೀರ ವಾದವೊಂದಿದೆ: ಅದರ ಗಾಯ ಅಗಲ, ಆದ್ದರಿಂದ ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಅಗಲದ ಮಾತು ಸುಳ್ಳಲ್ಲ. ಅಡ್ಡಕೊಯ್ತದಲ್ಲಿ .22 ಅರ್ಧದಷ್ಟು ಹೆಚ್ಚು ವಿಸ್ತಾರವಾಗಿದೆ, ಗಾಯ ಸರಿಯಾದ ಜಾಗದಲ್ಲಾದಾಗ ಅದರಿಂದ ಲಾಭವೂ ಇದೆ. ಆದರೆ ತಪ್ಪನ್ನು ಮನ್ನಿಸುವ ವಿಷಯಕ್ಕೆ ಬಂದರೆ, ಎರಡರ ವ್ಯಾಸದ ಅಂತರ ಒಂದು ಮಿಲಿಮೀಟರ್, ಅಂದರೆ ಸುತ್ತಲೂ ಸಿಗುವ ರಿಯಾಯಿತಿ ಅರ್ಧ ಮಿಲಿಮೀಟರ್ ಮಾತ್ರ. ಇದರ ಎದುರಿಗೆ ಪೆಲೆಟ್ ಹಾರುವ ದಾರಿಯನ್ನು ಇಟ್ಟು ನೋಡಬೇಕು. 30 ಮೀಟರಿಗೆ ದೂರದರ್ಶಕ ಹೊಂದಿಸಿಕೊಂಡ ರೈಫಲ್ಲಿನಿಂದ, ಹಕ್ಕಿ 30 ಮೀಟರಿನಲ್ಲೇ ಇದೆಯೆಂದು ತಪ್ಪಾಗಿ ಅಂದಾಜಿಸಿ 40 ಮೀಟರಿನ ಹಕ್ಕಿಗೆ ಗುರಿಯಿಟ್ಟರೆ, .177 ಸುಮಾರು 4 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ನಿಧಾನವಾದ .22 ಸುಮಾರು 7 ಸೆಂಟಿಮೀಟರ್ ಕೆಳಗೆ. ಅರ್ಧ ಮಿಲಿಮೀಟರ್ ಉಳಿಸಲು ಹೋಗಿ ಮೂರು ಸೆಂಟಿಮೀಟರ್ ಕಳೆದುಕೊಂಡಂತಾಯಿತು. ಮರದ ಮೇಲಿನ ಹಕ್ಕಿಯ ದೂರವನ್ನು ಕಣ್ಣಳತೆಯಲ್ಲಿ ಹತ್ತು ಮೀಟರ್ ತಪ್ಪುವುದು ತೀರಾ ಸಾಮಾನ್ಯ. 'ಪುಕ್ಕಕ್ಕೆ .177' ಎಂಬ ಹಳೆಯ ಮಾತಿನಲ್ಲಿ ಸತ್ಯದ ಎಳೆಯಿದ್ದರೆ ಅದು ಇಲ್ಲಿದೆ, ನೇರವಾದ ದಾರಿಯಲ್ಲಿ. ಹೆಜ್ಜೆ ಹಾಕಿ ಅಳೆದಿಟ್ಟ 25 ಮೀಟರಿನೊಳಗೆ ಮಾತ್ರ ಈಡು ಹಾರಿಸುವವರಿಗೆ ಈ ವ್ಯತ್ಯಾಸವೂ ಅಳಿದುಹೋಗುತ್ತದೆ. ಅವರ ಕೈಯಲ್ಲಿ ಎರಡೂ ಒಳ್ಳೆಯ ಕೆಲಸ ಮಾಡುತ್ತವೆ.

ಪೆಲೆಟ್ಟಿನ ಆಕಾರದ ಬಗ್ಗೆ ಇರುವ ನಂಬಿಕೆಗಳನ್ನು ಬೇಗ ಮುಗಿಸಬಹುದು. ಚೂಪು ಮೂತಿಯದು ಆಳಕ್ಕೆ ಇಳಿಯುತ್ತದೆ, ಟೊಳ್ಳು ಮೂತಿಯದು ಒಳಗೆ ಅರಳಿ ದೊಡ್ಡ ಗಾಯ ಮಾಡುತ್ತದೆ ಎಂದು ಡಬ್ಬಗಳು ಸಾರುತ್ತವೆ. ಈ ವೇಗದಲ್ಲಿ ಟೊಳ್ಳು ಮೂತಿ ಅರಳುವುದು ಅಲ್ಪ, ಗಾಳಿಯಲ್ಲಿ ಅದು ವೇಗವನ್ನು ಬೇಗ ಕಳೆದುಕೊಳ್ಳುತ್ತದೆ. ಚಪ್ಪಟೆ ಮೂತಿಯದನ್ನು ಮಾಡಿದ್ದೇ ಕಾಗದದ ಗುರಿಯಲ್ಲಿ ಅಂಚು ಹರಿಯದ ದುಂಡು ತೂತು ಬೀಳಲೆಂದು. ನಡು ಸಣ್ಣ, ಹಿಂಭಾಗ ಲಂಗದಂತೆ ಅಗಲವಾದ ಪೆಲೆಟ್ ತಿರುಗುತ್ತಾ, ಹಿಂಭಾಗವನ್ನು ಗಾಳಿ ಹಿಡಿದೆಳೆಯುತ್ತಾ ನೇರ ಹೋಗುತ್ತದೆ. ಅದಕ್ಕೆ ಒಗ್ಗುವುದು ಸಾದಾ ಗುಂಡು ಮೂತಿ. ವೇಗದ ಆಸೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ಶಬ್ದದ ವೇಗದ ಹತ್ತಿರ ಬಂದ ಇಂಥ ಪೆಲೆಟ್ ಗಾಳಿಯಲ್ಲಿ ತೂರಾಡುತ್ತದೆ. ಹಗುರ ಮಿಶ್ರಲೋಹದ ಪೆಲೆಟ್ಟಿನಿಂದ ಗಳಿಸಿದ ದೊಡ್ಡ ಅಂಕಿ ಜಾಹೀರಾತಿಗೆ ಚೆಂದ, ಗುರಿಗೆ ಅಲ್ಲ.

ಹಾಗಾದರೆ ಆಯ್ಕೆ ಹೇಗೆ? ಅದನ್ನು ಹೇಳಬೇಕಾದ್ದು ನಳಿಗೆಯೇ. ಒಂದೇ ಮಾದರಿಯ ಎರಡು ರೈಫಲ್‌ಗಳು ಒಂದೇ ಪೆಲೆಟ್ಟನ್ನು ಬೇರೆಬೇರೆ ರೀತಿ ಉಗುಳುತ್ತವೆ, ಏಕೆಂದರೆ ನಳಿಗೆಯ ಒಳ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕಾಗಿಯೇ ಕೆಲವು ತಯಾರಕರು ತಲೆಯ ಅಳತೆಯನ್ನು 4.51, 4.52 ಎಂದು ಮಿಲಿಮೀಟರಿನ ನೂರನೇ ಭಾಗದವರೆಗೆ ಡಬ್ಬದ ಮೇಲೆ ನಮೂದಿಸುತ್ತಾರೆ. ನಾಲ್ಕೈದು ಬಗೆಯ ಪೆಲೆಟ್ ತಂದು, ರಟ್ಟಿನ ಮೇಲೆ 25 ಮಿಲಿಮೀಟರಿನ ವೃತ್ತ ಬರೆದು, ಗಾಳಿಯಿಲ್ಲದ ಹೊತ್ತಿನಲ್ಲಿ ಪ್ರತಿ ಬಗೆಯಲ್ಲೂ ಹತ್ತು ಈಡು ಹಾರಿಸಿ ನೋಡಬೇಕು. ಹತ್ತೂ ತೂತು ವೃತ್ತದೊಳಗೆ ಬಿದ್ದದ್ದೇ ಆ ರೈಫಲ್ಲಿನ ಪೆಲೆಟ್. ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮೇಜಿನ ಮೇಲೆ ಒರಗಿಸಿ ಹೊಡೆದದ್ದಲ್ಲ, ಹೊಲದಲ್ಲಿ ಮೊಣಕಾಲೂರಿ ಅಥವಾ ಬೇಲಿಗೆ ಆನಿಸಿ ಹೊಡೆಯುವಾಗ ಆ ವೃತ್ತ ಎಷ್ಟು ದೂರದವರೆಗೆ ಉಳಿಯುತ್ತದೆ ಎಂಬುದೇ ಆ ವ್ಯಕ್ತಿಯ ಮಿತಿ. ಒಬ್ಬರಿಗೆ ಅದು 30 ಮೀಟರ್, ಇನ್ನೊಬ್ಬರಿಗೆ 18. ರೈಫಲ್ಲಿನ ಬೆಲೆ ಆ ಅಂಕಿಯನ್ನು ಹಿಗ್ಗಿಸುವುದು ಬಲು ಕಡಿಮೆ.

'ಹಾರಿಹೋಯಿತೆಂದರೆ ತಪ್ಪಿತು' ಎಂಬ ನಂಬಿಕೆ ಇವೆಲ್ಲಕ್ಕಿಂತ ಕ್ರೂರವಾದದ್ದು. ಡೆನ್ಮಾರ್ಕಿನಲ್ಲಿ 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಗುಲಾಬಿ ಕಾಲಿನ ಹೆಬ್ಬಾತುಗಳನ್ನು ಜೀವಂತ ಹಿಡಿದು ಎಕ್ಸ್‌ರೇ ತೆಗೆದಾಗ, ಬೆಳೆದ ಹಕ್ಕಿಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚು ಮೈಯಲ್ಲಿ ಚರೆ ಹೊತ್ತು ತಿರುಗುತ್ತಿದ್ದವು. ಅದು ಚರೆ ಹಾರಿಸುವ ಕೋವಿಯ ಕಥೆ, ಏರ್ ರೈಫಲ್ಲಿನದಲ್ಲ. ಆದರೂ ಪೆಟ್ಟು ತಿಂದ ಹಕ್ಕಿ ಏನೂ ಆಗದಂತೆ ಹಾರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಆ ದೇಶ ಕಂಡುಕೊಂಡ ಪರಿಹಾರವೂ ಗಮನಿಸಬೇಕಾದದ್ದು: ದೂರದಿಂದ ಹೊಡೆಯಬೇಡಿ ಎಂದು ಬೇಟೆಗಾರರಿಗೆ ತಿಳಿಹೇಳುವ, ತರಬೇತಿ ಕೊಡುವ ಅಭಿಯಾನ. ಅದಾದ ಮೇಲೆ ಚರೆ ಹೊತ್ತ ಹಕ್ಕಿಗಳ ಪಾಲು ಇಳಿಯಿತು.

ಉಪದ್ರವದ ಹಕ್ಕಿಗೆ ಇಷ್ಟೆಲ್ಲ ಎಚ್ಚರವೇಕೆ, ಹೇಗೂ ಸಂಖ್ಯೆ ಕಡಿಮೆಯಾಗಬೇಕಲ್ಲ ಎಂದು ಕೇಳುವವರಿದ್ದಾರೆ. ಬೆಳೆ ಕಳೆದುಕೊಂಡವರ ಸಂಕಟದಿಂದ ಬಂದ ಪ್ರಶ್ನೆ ಇದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಗುಂಡು ಹಾರಿಸುವುದರಿಂದ ಸಂಖ್ಯೆ ಇಳಿಯುತ್ತದೆ ಎಂಬುದೂ ಪರೀಕ್ಷೆಗೆ ನಿಲ್ಲದ ನಂಬಿಕೆ. ಆರ್.ಕೆ. ಮರ್ಟನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕೇಂಬ್ರಿಜ್‌ಶೈರಿನಲ್ಲಿ ಕಾಡುಪಾರಿವಾಳಗಳನ್ನು ವರ್ಷಗಟ್ಟಲೆ ಎಣಿಸಿ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಳಿಗಾಲದಲ್ಲಿ ಹೊಡೆದ ಹಕ್ಕಿಗಳ ಜಾಗವನ್ನು ಹಸಿವಿನಿಂದ ಸಾಯಬೇಕಿದ್ದ ಹಕ್ಕಿಗಳು ತುಂಬಿದವು. ಎಷ್ಟು ಉಳಿಯಬೇಕೆಂದು ನಿರ್ಧರಿಸಿದ್ದು ಮೇವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಪಾರಿವಾಳಗಳನ್ನು ದಶಕಗಳ ಕಾಲ ಕೊಂದು ಸೋತು, 1988ರಿಂದ ಜನ ಕಾಳು ಹಾಕುವುದನ್ನು ತಗ್ಗಿಸುವ ಕೆಲಸಕ್ಕೆ ಇಳಿಯಿತು. ನಾಲ್ಕೈದು ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕೆ ಬಂತು. ಗುಂಡು ಮಾಡಬಲ್ಲದ್ದು ಇಷ್ಟೇ: ಈ ವಾರ, ಈ ಹೊಲದ ಮೊಳಕೆಯಿಂದ ಹಿಂಡನ್ನು ಆಚೆ ಇಡುವುದು. ಇಷ್ಟು ಸಣ್ಣ ಪ್ರಯೋಜನಕ್ಕಾಗಿ 50 ಮೀಟರಿನ ಅಂದಾಜು ಈಡು ಹಾರಿಸಿ ಹಕ್ಕಿಯನ್ನು ನರಳಿಸಲು ಯಾವ ಸಮರ್ಥನೆಯೂ ಇಲ್ಲ. ಬ್ರಿಟನ್ನಿನ ಕಾನೂನೂ ಹೀಗೆಯೇ ಯೋಚಿಸುತ್ತದೆ. 1981ರ ವನ್ಯಜೀವಿ ಕಾಯ್ದೆಯಲ್ಲಿ ಎಲ್ಲ ಕಾಡುಹಕ್ಕಿಗಳಿಗೂ ರಕ್ಷಣೆಯಿದೆ. ಉಪದ್ರವದ ಹಕ್ಕಿಯನ್ನು ಹೊಡೆಯುವುದು ಷರತ್ತಿನ ಪರವಾನಗಿಯಡಿ ಸಿಗುವ ವಿನಾಯಿತಿ. ಇಂಗ್ಲೆಂಡಿನಲ್ಲಿ 2019ರಲ್ಲಿ ಅಂಥ ಮೂರು ಪರವಾನಗಿಗಳು ಕಾನೂನು ಹೋರಾಟದಿಂದಾಗಿ ಒಮ್ಮೆಗೇ ರದ್ದಾದವು.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. 20 ಜೂಲ್ ಮೀರದ .177 ಏರ್ ರೈಫಲ್ಲಿಗೆ ಭಾರತದಲ್ಲಿ ಶಸ್ತ್ರ ಪರವಾನಗಿ ಬೇಡ. ಹಾಗಾಗಿ ಅದರಿಂದ ಹಕ್ಕಿ ಹೊಡೆಯಲೂ ಅಡ್ಡಿಯಿಲ್ಲ ಎಂಬ ಭಾವನೆ ಹರಡಿದೆ. ಕೋವಿಗೆ ಸಿಕ್ಕ ವಿನಾಯಿತಿ ಹಕ್ಕಿಗೆ ಅನ್ವಯಿಸುವುದಿಲ್ಲ. ಜೋಳದ ತೆನೆಗೆ ಬರುವ ಗಿಳಿಯೂ ಹೊಲಕ್ಕಿಳಿಯುವ ನವಿಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ; ಗುರಿ ತಪ್ಪಿದರೂ ಹೊಡೆಯುವ ಪ್ರಯತ್ನವೇ ಅಪರಾಧ. ಕಾಗೆಯನ್ನು ಉಪದ್ರವಿಗಳ ಸಾಲಿನಲ್ಲಿ ಇಟ್ಟಿದ್ದ 5ನೇ ಅನುಸೂಚಿಯನ್ನು 2022ರ ತಿದ್ದುಪಡಿ ಕಿತ್ತುಹಾಕಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತೆನೆ ಹಾಲುಗಟ್ಟಿ ಕಾಳು ಬಲಿಯುವ ಆ ಕೆಲವು ವಾರ ಹೊಲದ ನಡುವೆ ಅಟ್ಟಣೆ ಕಟ್ಟಿ ಡಬ್ಬ ಬಡಿಯುವ, ಹೊಳೆಯುವ ಪಟ್ಟಿ ಎಳೆಯುವ, ಬಲೆ ಹೊದಿಸುವ ನಮ್ಮ ರೈತರ ಕೆಲಸವೂ ಹಿಂಡನ್ನು ಆಚೆ ಇಡುವುದೇ.