ಕಾಡಿನೊಳಗಿನ ನಿಸ್ತಂತು

ಬಸವಕಲ್ಯಾಣ, ಹುಮನಾಬಾದುಗಳ ಪೇಟೆಯಲ್ಲಿ ಕುಳಿತ ಹವ್ಯಾಸಿ ರೇಡಿಯೋಗಾರನಿಗೆ ದೂರದ ಕ್ಷೀಣಸ್ವರ ದಕ್ಕುವುದು ಕಷ್ಟ. ಮೋಟಾರು, ದೀಪಗಳ ಗೊರಗೊರ ಸದ್ದು ಅದನ್ನು ನುಂಗಿಬಿಡುತ್ತದೆ. ಆಗ್ನೇಯಕ್ಕೆ ಹೋದರೆ ಚಿಂಚೋಳಿಯ ಎಲೆಯುದುರುವ ಕಾಡು. 2011ರಿಂದ ಅದು ವನ್ಯಜೀವಿಧಾಮ. ಇಂಥ ರಕ್ಷಿತ ವನಗಳಲ್ಲಿ ಬ್ಯಾಟರಿಯ ಯಂತ್ರ ಹೂಡಿ, ಒಂದೇ ದಿನದಲ್ಲಿ ಕನಿಷ್ಠ 10 ನಿಲಯಗಳೊಡನೆ ಮಾತಾಡುವ ಹವ್ಯಾಸ ಈಗ ಹಲವು ದೇಶಗಳಲ್ಲುಂಟು. ಕೇಂದ್ರ ಸರ್ಕಾರದ ಪರವಾನಗಿ ಕಿಸೆಯಲ್ಲಿದ್ದರೆ ಸಾಲದು. ಅರಣ್ಯ ಇಲಾಖೆಯ ಅಪ್ಪಣೆಯೂ ಬೇಕು. ತಂತಿಯನ್ನು ಹಕ್ಕಿಯ ಕೊಂಬೆಗೆ ಬಿಗಿಯದೆ, ಒಯ್ದ ಬಿದಿರ ಕೋಲಿಗೇ ಕಟ್ಟುವುದು ಮರ್ಯಾದೆ.

ತೊಡಕು ಬೇರೆಯೇ ಇದೆ. 7 ಮೆಗಾಹರ್ಟ್ಸಿನ ಅಲೆ ಹಗಲಿನಲ್ಲಿ ಬೆಂಗಳೂರಿನಷ್ಟು ದೂರ ಮುಟ್ಟೀತು. ಖಂಡಾಂತರ ಸಾಗುವುದು ಕತ್ತಲಾದ ಮೇಲೆ. ಕಾಡು ಮೃಗಗಳ ಪಾಲಾಗುವುದೂ ಆಗಲೇ! ಮನುಷ್ಯ ಹೊರಡಲೇಬೇಕು. 14 ಮೆಗಾಹರ್ಟ್ಸಿಗೆ ಹೊರಳಿದರೆ 20ರ ಬದಲು ಸುಮಾರು 10 ಮೀಟರು ತಂತಿ ಸಾಕು, ದೂರದೇಶದ ದನಿ ಹಗಲಲ್ಲೇ ಕೇಳಿಸುತ್ತದೆ.