ಹೈಸ್ಕೂಲು ವಿದ್ಯಾರ್ಥಿಯ ಅನ್ನದ ಋಣ

ಬೆಳಗ್ಗೆ ಒಂಬತ್ತು ಘಂಟೆಯ ವೇಳೆಗೆ ರಾಜಾಜಿನಗರದ ಯಾವ ಬೀದಿಯಲ್ಲಿ ನಿಂತರೂ ಶಾಲೆಗೆ ಹೊರಟ ಬಾಲಕ ಬಾಲಿಕೆಯರ ಸಾಲು ಕಣ್ಣಿಗೆ ಬೀಳುವುದು. ಕೆಲವರು ಶಾಲೆಯ ವಾಹನಗಳಲ್ಲಿ ಕುಳಿತಿರುವರು; ಕೆಲವರು ತಂದೆಯ ಸ್ಕೂಟರಿನ ಹಿಂಬದಿಯಲ್ಲಿರುವರು; ಮತ್ತೆ ಕೆಲವರು ಹೆಗಲಿಗೆ ಚೀಲವೇರಿಸಿ ನಡೆದೇ ಹೋಗುವರು. ದಿನವೂ ಕಾಣುವ ನೋಟವಾದ್ದರಿಂದ ಇದರಲ್ಲಿ ವಿಶೇಷವೇನಿದೆಯೆಂದು ವಾಚಕರು ಕೇಳಬಹುದು. ಹೈಸ್ಕೂಲಿನ ಹೊಸ್ತಿಲನ್ನು ಮುಟ್ಟುವುದೇ ಒಂದು ಸಾಹಸವಾಗಿದ್ದ ಕಾಲವು ನಮ್ಮ ಹಿಂದೆ ಬಹು ದೂರದಲ್ಲೇನೂ ಇಲ್ಲವೆಂಬುದೇ ಅದರ ವಿಶೇಷ.

ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತು 1949ರಲ್ಲಿ ಈ ಉಪನಗರವು ಆರಂಭವಾಯಿತು. ಅದಕ್ಕೆ ಮುಂಚೆ ಈ ಸೀಮೆಯಲ್ಲಿದ್ದವು ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಮೊದಲಾದ ಗ್ರಾಮಗಳು ಮತ್ತು ಅವುಗಳ ಹೊಲ ತೋಟಗಳು. ಹೈಸ್ಕೂಲು ಎಂಬುದು ಪೇಟೆಯ ವಸ್ತುವಾಗಿತ್ತು. 1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದವರು ತೆರೆದ ಹೈಸ್ಕೂಲೇ ಮುಂದೆ ಬೆಳೆದು ಸೆಂಟ್ರಲ್ ಕಾಲೇಜಾಯಿತು. ಮಿಷನರಿಗಳ ಶಾಲೆಗಳಿದ್ದವು. ರಾಷ್ಟ್ರೀಯ ವಿದ್ಯಾಭ್ಯಾಸದ ಧ್ಯೇಯವನ್ನು ಆನಿ ಬೆಸೆಂಟರು ಸಾರುತ್ತಿದ್ದ ಕಾಲದಲ್ಲಿ, 1917ರಲ್ಲಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಹುಟ್ಟಿತು. ಮಿಕ್ಕ ಸೀಮೆಗಳಲ್ಲಿ ದೊಡ್ಡ ಊರುಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹೈಸ್ಕೂಲು. ಆದ್ದರಿಂದ ಹಳ್ಳಿಯ ಹುಡುಗನಿಗೆ ಓದುವ ಆಸೆ ಹುಟ್ಟಿದರೆ ಮೊದಲು ಎದುರಾಗುತ್ತಿದ್ದ ಪ್ರಶ್ನೆಯು ಪಾಠದ್ದಲ್ಲ, ಅನ್ನದ್ದು. ಪರಸ್ಥಳದಲ್ಲಿ ಎಲ್ಲಿ ಮಲಗುವುದು? ಯಾರು ಊಟ ಹಾಕುವರು?

ಈ ಪ್ರಶ್ನೆಗೆ ನಮ್ಮ ಸಮಾಜವು ಕಂಡುಕೊಂಡ ಹಳೆಯ ಉತ್ತರವೇ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ಏಳು ಮನೆಗಳು ಸೇರಿ ಒಬ್ಬ ವಿದ್ಯಾರ್ಥಿಯನ್ನು ಸಾಕುತ್ತಿದ್ದವು. ಗೃಹಿಣಿಯು ತನ್ನ ಮಕ್ಕಳ ಸಾಲಿನಲ್ಲಿಯೇ ಅವನಿಗೂ ಎಲೆ ಹಾಕುವಳು. ಒಂದು ದಿನದ ಮನೆ ತಪ್ಪಿದರೆ ಅಂದು ಉಪವಾಸ. ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯನ್ನು ಅವನು ಏಳು ಮನೆಗಳಿಗೂ ಹೋಗಿ ಹೇಳಿ ನಮಸ್ಕರಿಸಿ ಬರಬೇಕಾಗಿತ್ತು. ಯಾಕೆಂದರೆ ಆ ತೇರ್ಗಡೆಯಲ್ಲಿ ಏಳು ಮನೆಗಳ ಪಾಲೂ ಇತ್ತು.

ಆದರೆ ಈ ಪದ್ಧತಿಯನ್ನು ಹೊಗಳುವಾಗ ಅದರ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ವಾರಾನ್ನದ ಬಾಗಿಲು ಬಹುಮಟ್ಟಿಗೆ ಜಾತಿಯನ್ನು ನೋಡಿ ತೆರೆಯುತ್ತಿತ್ತು. ರೈತನ ಮಗನಿಗೂ ಕಸುಬುದಾರನ ಮಗನಿಗೂ ಆ ಪಂಕ್ತಿಯಲ್ಲಿ ಸ್ಥಳವಿರಲಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಾತಂತೂ ಹೇಳುವುದೇ ಬೇಡ. ಈ ಕೊರತೆಯನ್ನು ನೀಗಲೆಂದೇ ಸಮುದಾಯಗಳ ಸಂಘಗಳೂ ಉಚಿತ ವಿದ್ಯಾರ್ಥಿನಿಲಯಗಳೂ ಎದ್ದವು. 1906ರಲ್ಲಿ ಒಕ್ಕಲಿಗರ ಸಂಘವು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯ ತರುವಾಯ ಹಿಂದುಳಿದ ವರ್ಗದವರ ವಿದ್ಯಾಭ್ಯಾಸಕ್ಕೆ ಸರ್ಕಾರದ ಸಹಾಯವೂ ಹೆಚ್ಚಿತು. ಆದರೂ ಹೆಣ್ಣುಮಕ್ಕಳಿಗೆ ವಾರಾನ್ನವೂ ಇಲ್ಲ, ಪರಸ್ಥಳದ ವಾಸವೂ ಇಲ್ಲ. ಹೈಸ್ಕೂಲಿರುವ ಊರಿನಲ್ಲಿ ಹುಟ್ಟದ ಹುಡುಗಿಯ ಓದು ತನ್ನ ಊರಿನ ಶಾಲೆಯ ಕೊನೆಯ ತರಗತಿಯಲ್ಲಿಯೇ ಮುಗಿಯುತ್ತಿತ್ತು.

ಇಂಥ ಅನ್ನದಿಂದ ಬೆಳೆದವರು ಎಂಥವರಾದರೆಂಬುದನ್ನು ನೋಡೋಣ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡು 1881ರಲ್ಲಿ ಬಿ. ಎ. ಪದವೀಧರರಾದರು. ಅದಾದ ಅರ್ಧ ಶತಮಾನಕ್ಕೂ ಹೈಸ್ಕೂಲಿನ ದಾರಿಯು ಸುಗಮವಾಗಿರಲಿಲ್ಲ. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಬಾಲಕನು ಬಸ್ಸಿಗೆ ಕಾಸಿಲ್ಲದೆ ಎರಡು ದಿನ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದನು. ಊರಿನಲ್ಲಿ ತನಗೆ ಗುರುಗಳಾಗಿದ್ದ ಎಂ. ಎಸ್. ನಾರಾಯಣರಾಯರನ್ನು ನೆಚ್ಚಿ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಮರುವರ್ಷ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ದಯಮಾಡಿಸಿದಾಗ ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ತಂದು ಹೇಳಿದವನು ಇದೇ ಬಾಲಕ. ಆತನೇ ಮುಂದೆ ನಾಡಿಗೆ ನಾಡೇ ‘ಎಚ್ಚೆನ್’ ಎಂದು ಕರೆದ ಡಾಕ್ಟರ್ ಎಚ್. ನರಸಿಂಹಯ್ಯನವರು.

ಊರಿನವರ ಅನ್ನವನ್ನುಂಡ ವಿದ್ಯಾರ್ಥಿಯು ತನ್ನನ್ನು ಊರಿನ ಸಾಲಗಾರನೆಂದೇ ತಿಳಿಯುತ್ತಿದ್ದನು. 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆ ಕೇಳಿಬಂದಾಗ ಬೆಂಗಳೂರಿನ ಶಾಲಾ ಕಾಲೇಜುಗಳು ಬರಿದಾದುದಕ್ಕೂ, 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದಾಗ ಹುಡುಗರು ಲಾಠಿ ಗುಂಡುಗಳಿಗೆ ಎದೆಯೊಡ್ಡಿದುದಕ್ಕೂ ಈ ಭಾವನೆಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿಯ ವೃತ್ತವೊಂದು ಇಂದಿಗೂ ಹೊತ್ತು ನಿಂತಿದೆ. ನರಸಿಂಹಯ್ಯನವರೂ 1942ರಲ್ಲಿ ಕಾಲೇಜು ತೊರೆದು ಸೆರೆಮನೆಯನ್ನು ಕಂಡರು. ಬಳಿಕ ಓದು ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕೆಯಲ್ಲಿ ಡಾಕ್ಟರೇಟ್ ಪಡೆದರು. 1972ರಿಂದ 1977ರ ವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆದರೂ 2005ರಲ್ಲಿ ಕಾಲವಾಗುವ ವರೆಗೆ ಅವರು ವಾಸಿಸಿದ್ದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ಋಣವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವವರು ಅನೇಕರು. ಅದನ್ನು ಬಾಳಿನಲ್ಲಿ ತೀರಿಸಿದವರು ಇವರು.

ಈಗ ಮತ್ತೆ ರಾಜಾಜಿನಗರಕ್ಕೆ ಬರೋಣ. ಈ ಉಪನಗರವು ಕೈಗಾರಿಕೆಯ ಹೆಸರಿನಲ್ಲಿ ಎದ್ದದ್ದು. ಸರ್ಕಾರಿ ಸಾಬೂನು ಕಾರ್ಖಾನೆಯು 1957ರಲ್ಲಿ ಇಲ್ಲಿಗೆ ಬಂದಿತು. ಗಿರಣಿಗಳ ಮತ್ತು ಕಾರ್ಖಾನೆಗಳ ಕೆಲಸಗಾರರು, ಕಛೇರಿಗಳ ಗುಮಾಸ್ತರು ಇಲ್ಲಿ ಸಂಸಾರ ಹೂಡಿದರು. ಹೈಸ್ಕೂಲು ಹುಡುಗನ ಬಳಿಗೇ ಬಂದಿತು. ವಾರಾನ್ನದ ಅವಶ್ಯಕತೆ ಅಳಿಯಿತು. ಅಕ್ಕಪಕ್ಕದ ಹುಡುಗಿಯರೂ ಕೈಕೈ ಹಿಡಿದು ಹೈಸ್ಕೂಲಿಗೆ ಹೊರಟರು. ಮನೆಮನೆಯ ಅನ್ನದ ಸ್ಥಾನಕ್ಕೆ ಕಡೆಗೆ ಸರ್ಕಾರವೇ ಬಂದಿತು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು 2007ರ ಹೊತ್ತಿಗೆ ಸರ್ಕಾರಿ ಹೈಸ್ಕೂಲುಗಳಿಗೂ ವಿಸ್ತರಿಸಿತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಬೈಸಿಕಲ್ ಹಂಚುವ ಯೋಜನೆಯೂ ಮೊದಲಾಗಿ ಹಲವು ವರ್ಷ ನಡೆಯಿತು. ಜಾತಿ ಕೇಳದೆ, ಗಂಡು ಹೆಣ್ಣೆಂಬ ಭೇದವೆಣಿಸದೆ ಬಡಿಸುವ ಈ ಅನ್ನವು ಹಳೆಯ ವಾರಾನ್ನಕ್ಕಿಂತ ಶ್ರೇಷ್ಠವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಲಾಭದ ಜತೆಯಲ್ಲಿ ಒಂದು ನಷ್ಟವೂ ಆಗಿದೆ. ಅನ್ನವನ್ನು ಸರ್ಕಾರಕ್ಕೆ ಒಪ್ಪಿಸಿದ ಸಮಾಜವು ಹೊಣೆಯನ್ನೂ ಅದರೊಡನೆಯೇ ಒಪ್ಪಿಸಿ ಕೈತೊಳೆದುಕೊಂಡಿತು. ವಿದ್ಯೆಯನ್ನು ಶುಲ್ಕ ಕೊಟ್ಟು ಕೊಳ್ಳುವ ಮನೆಗಳಲ್ಲಿ, ಹಣ ಸಂದಾಯವಾದ ಮೇಲೆ ಋಣವೆಲ್ಲಿಯದು ಎಂಬ ಭಾವನೆ ಬೇರೂರಿದೆ. ಇತ್ತ, ಎರಡು ದಿನ ನಡೆದು ಬಂದ ಬಾಲಕನು ಅಳಿದುಹೋಗಿಲ್ಲ. ಅವನು ಇಂದು ಹೊಟ್ಟೆಪಾಡಿಗಾಗಿ ರಾಯಚೂರು, ಕಲಬುರಗಿ ಸೀಮೆಗಳಿಂದ ಬಂದು ಕಟ್ಟಡಗಳ ಕೆಲಸಕ್ಕೆ ಹೋಗುವ ತಂದೆತಾಯಿಗಳ ಮಗನಾಗಿದ್ದಾನೆ, ಮಗಳಾಗಿದ್ದಾಳೆ. 2009ರ ಕಡ್ಡಾಯ ಶಿಕ್ಷಣದ ಕಾಯಿದೆಯ ರಕ್ಷೆಯು ಹದಿನಾಲ್ಕನೆಯ ವಯಸ್ಸಿಗೆ ಮುಗಿಯುವುದು. ಹೈಸ್ಕೂಲಿನ ಒಂಬತ್ತು ಹತ್ತನೆಯ ತರಗತಿಗಳು ಅದರಾಚೆಗೆ ಉಳಿಯುವುವು. ಹುಡುಗನನ್ನು ಕೆಲಸಕ್ಕೂ ಹುಡುಗಿಯನ್ನು ಮದುವೆಗೂ ಎಳೆಯುವ ವಯಸ್ಸು ಅದೇ ಎಂಬುದನ್ನು ಯಾರು ಅರಿಯರು?

ವಾರಾನ್ನವು ಮತ್ತೆ ಬರಲೆಂದು ನಾವು ಹೇಳುವುದಿಲ್ಲ. ಆ ಏಳು ಮನೆಗಳ ಮನಸ್ಸು ಮತ್ತೆ ಬರಬೇಕೆನ್ನುತ್ತೇವೆ. ರಾಜಾಜಿನಗರದಲ್ಲಿ ಓದಿ ಉನ್ನತ ಸ್ಥಾನಗಳಿಗೇರಿದವರು ಇಂದು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಏಳೇ ಮನೆಯವರು ಕೂಡಿ ತಮ್ಮ ಬೀದಿಯ ಸಮೀಪದ ಸರ್ಕಾರಿ ಹೈಸ್ಕೂಲಿನ ಒಂದೊಂದು ಮಗುವಿಗೆ ಆಧಾರವಾಗಿ ನಿಂತರೆ, ಹತ್ತನೆಯ ತರಗತಿಯನ್ನು ದಾಟಿಸುವ ವರೆಗೆ ಕೈ ಬಿಡದಿದ್ದರೆ, ಅದು ದೊಡ್ಡ ಹೊರೆಯಲ್ಲ. ಹಾಗೆಯೇ ತಮ್ಮನ್ನು ಓದಿಸಿದವರು ಯಾರು, ಊಟಕ್ಕೆ ಕರೆದವರು ಯಾರು, ಹಳೆಯ ಪುಸ್ತಕ ಕೊಟ್ಟವರು ಯಾರು ಎಂಬುದನ್ನು ವೃದ್ಧರು ಬರೆದಿಟ್ಟರೆ ನಮ್ಮ ಹೈಸ್ಕೂಲುಗಳ ನಿಜವಾದ ಚರಿತ್ರೆಯು ಅದೇ ಆಗುವುದು. ಎಲೆ ಹಾಕಿ ಕರೆದ ಆ ತಾಯಂದಿರ ಹೆಸರುಗಳು ಯಾವ ಶಾಲೆಯ ದಾಖಲೆಯಲ್ಲಿಯೂ ಇಲ್ಲ. ಅವರ ಋಣವನ್ನು ಅವರಿಗೆ ತೀರಿಸುವ ಕಾಲ ಮುಗಿಯಿತು. ಇನ್ನು ಅದನ್ನು ಮುಂದಿನ ಮಕ್ಕಳಿಗೆ ತೀರಿಸುವುದೊಂದೇ ನಮಗೆ ಉಳಿದಿರುವ ಮಾರ್ಗ.