ಬೆರಳು ಮುಚ್ಚಬೇಕೋ, ತೆರೆದಿಡಬೇಕೋ?

ಪೂಲ್ ಟೇಬಲ್ ಮೇಲೆ ಬಾಗಿದಾಗ ನಮ್ಮೆಲ್ಲರ ಗಮನ ಕ್ಯೂ ಹಿಡಿದ ಬಲಗೈ ಮೇಲೆ. ನನ್ನ ಲೆಕ್ಕದಲ್ಲಿ ಗುರಿ ಕೆಡುವುದು ಎಡಗೈಯಲ್ಲಿ. (ಎಡಚರು ತಿರುಗಿಸಿ ಓದಿಕೊಳ್ಳಿ.) ಕ್ಯೂ ಜಾರುವುದಕ್ಕೆ ಮುಂದಿನ ಕೈ ಕೊಡುವ ಆಸರೆಯೇ ಬ್ರಿಡ್ಜ್. ಅಂಗೈಯನ್ನು ಬಟ್ಟೆಗೆ ಊರಿ, ಬೆರಳು ಅಗಲಿಸಿ, ಹೆಬ್ಬೆರಳನ್ನು ತೋರುಬೆರಳಿನ ಬುಡಕ್ಕೊತ್ತಿ ಮೇಲೆತ್ತಿದರೆ ಸಣ್ಣದೊಂದು ಕಣಿವೆಯಾಗುತ್ತದೆ. ಕ್ಯೂ ಅದರಲ್ಲಿ ಓಡಿದರೆ ಓಪನ್ ಬ್ರಿಡ್ಜ್. ತೋರುಬೆರಳನ್ನು ಕ್ಯೂ ಸುತ್ತ ಬಳಸಿ ಹೆಬ್ಬೆರಳಿಗೆ ತಾಗಿಸಿ, ಆ ಉಂಗುರದೊಳಗೆ ಓಡಿಸಿದರೆ ಕ್ಲೋಸ್ಡ್.

ಇದೇನು ಅಷ್ಟು ದೊಡ್ಡ ವಿಷಯವೇ ಎನ್ನಬಹುದು. ವಾಕಡ್ ಕಡೆ ಶನಿವಾರ ಸೇರುವ ನಮ್ಮ ಗುಂಪಿನಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬನಿದ್ದಾನೆ. ಊರಲ್ಲಿ ಸ್ನೂಕರ್ ಟೇಬಲ್ ಮೇಲೆ, ತೆರೆದ ಕೈಯಲ್ಲೇ ಆಟ ಕಲಿತವನು. ಪುಣೆಗೆ ಬಂದ ಮೇಲೆ ಅವನಿಗೆ ವಾರದಲ್ಲಿ ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ಸಿಗುವ ಹೊತ್ತು ಅದೊಂದೇ. ಪಾರ್ಲರ್‌ನಲ್ಲಿ ಯಾರೋ ಪೂಲ್ ಅಂದರೆ ಬೆರಳು ಮುಚ್ಚಲೇಬೇಕು ಅಂದರಂತೆ. ಅಂದಿನಿಂದ ಸುಲಭದ ಚೆಂಡೂ ಪಾಕೆಟ್ ಸೇರುತ್ತಿಲ್ಲ. "ಕೈ ಮಾತ್ ಕೇಳವಲ್ದು ಅಣ್ಣಾ, ಈ ಆಟಾನ ಬಿಟ್ಟಬಿಡ್ತೀನಿ" ಅಂದ. ಆಟ ಬಿಟ್ಟರೆ ಶನಿವಾರವನ್ನೂ ಬಿಟ್ಟಂತೆ. ಹಾಗಾಗಿ ಕೂತು ಮಾತಾಡಿದೆವು.

ಸ್ನೂಕರ್ ಆಡುವವರ ಕೈ ಬಹುತೇಕ ತೆರೆದೇ ಇರುತ್ತದೆ. 12 ಅಡಿಯ ಟೇಬಲ್, 52.5 ಮಿ.ಮೀ. ಚೆಂಡು, ಬಿಗಿಯಾದ ಪಾಕೆಟ್. ಅಲ್ಲಿ ನೋಟಕ್ಕೆ ಬೆರಳು ಅಡ್ಡ ಬರಬಾರದು. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಬಳಿ ಪಳಗಿದ ಪಂಕಜ್ ಅಡ್ವಾಣಿ ಆಡುವುದನ್ನು ಟಿವಿಯಲ್ಲಿ ನೋಡುವಾಗ ಒಮ್ಮೆ ಚೆಂಡು ಬಿಟ್ಟು ಅವರ ಮುಂದಿನ ಕೈಯನ್ನೇ ನೋಡಿ.

ಇನ್ನೊಂದು ಕಾರಣ ಕ್ಯೂನಲ್ಲೇ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಸ್ನೂಕರ್ ಕ್ಯೂ ತುದಿ 9-10 ಮಿ.ಮೀ., ಅಲ್ಲಿಂದ ಹಿಂದಕ್ಕೆ ದಪ್ಪವಾಗುತ್ತಲೇ ಹೋಗುತ್ತದೆ. ಬೆರಳಿನ ಉಂಗುರ ಹಾಕಿದರೆ ಮುಂದೆ ತಳ್ಳಿದಂತೆಲ್ಲ ಬಿಗಿಯುತ್ತದೆ. ಪೂಲ್ ಕ್ಯೂ ತುದಿ ಸಾಮಾನ್ಯವಾಗಿ 12-13 ಮಿ.ಮೀ.; ಬಹಳಷ್ಟು ಪೂಲ್ ಕ್ಯೂಗಳಲ್ಲಿ ಮುಂದಿನ ಒಂದು ಅಡಿಯಷ್ಟು ದಪ್ಪ ಹೆಚ್ಚುಕಡಿಮೆ ಒಂದೇ. ಉಂಗುರದಲ್ಲಿ ಸಲೀಸಾಗಿ ಓಡುತ್ತದೆ. ಪಾರ್ಲರ್‌ನ ಗೋಡೆಗೆ ಒರಗಿಸಿಟ್ಟ ಕ್ಯೂಗಳಲ್ಲಿ ಎರಡೂ ಜಾತಿ ಬೆರೆತಿರುತ್ತವೆ. ಹುಡುಗ ತನಗೆ ಹಗುರ ಅನ್ನಿಸಿದ್ದನ್ನು ಎತ್ತಿಕೊಂಡಿದ್ದ, ಅದೋ ಸ್ನೂಕರಿನದು!

ಹಾಗಂತ ಕ್ಲೋಸ್ಡ್ ಬರೀ ಶೋಕಿಯಲ್ಲ. ಬಿಳಿ ಚೆಂಡಿನ ಬುಡಕ್ಕೆ ಹೊಡೆದು ಹಿಂದಕ್ಕೆ ಎಳೆಯುವಾಗ, ಜೋರಾಗಿ ಬ್ರೇಕ್ ಮಾಡುವಾಗ ಕ್ಯೂ ತುದಿ ಮೇಲಕ್ಕೋ ಪಕ್ಕಕ್ಕೋ ಸರಿಯದಂತೆ ಬೆರಳು ತಡೆಯುತ್ತದೆ. 57.15 ಮಿ.ಮೀ.ನ ಭಾರದ ಚೆಂಡಿಗೆ ಆ ಹಿಡಿತ ಬೇಕಾಗುತ್ತದೆ. ಮೆಲ್ಲಗೆ ತಳ್ಳುವ ಹೊಡೆತಕ್ಕೆ, ಕಡಿಮೆ ಕೋನದಲ್ಲಿ ಸವರಿ ಹೋಗುವ ಹೊಡೆತಕ್ಕೆ ನಾನು ಕೈ ತೆರೆದೇ ಇಡುತ್ತೇನೆ. ನಡುವೆ ಬೇರೊಂದು ಚೆಂಡು ಅಡ್ಡವಿದ್ದು ಅದರ ಮೇಲಿಂದ ಹೊಡೆಯಬೇಕಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಬೆರಳ ತುದಿಗಳ ಮೇಲೆ ಕೈ ಎತ್ತಿ ನಿಲ್ಲಿಸಬೇಕು, ಉಂಗುರಕ್ಕೆ ಅಲ್ಲಿ ಜಾಗವಿಲ್ಲ. ಬಿಳಿ ಚೆಂಡು ಕುಶನ್‌ಗೆ ಅಂಟಿದ್ದರೆ ಅಂಗೈ ಅಂಚಿನ ಮರದ ಮೇಲೆ ಕೂರುತ್ತದೆ, ಅದು ಬೇರೆಯೇ ಕಥೆ.

ಮೂರು ವಾರ ಹುಡುಗನಿಗೆ ಒಂದೇ ಅಭ್ಯಾಸ ಕೊಟ್ಟೆವು. ಟೇಬಲ್ ಮೇಲೆ ಬೇರೇನೂ ಇಲ್ಲ, ಬಿಳಿ ಚೆಂಡೊಂದೇ. ಅದನ್ನು ನೇರ ಎದುರಿನ ಕುಶನ್‌ಗೆ ಹೊಡೆದು ಕ್ಯೂ ತುದಿಗೇ ವಾಪಸ್ ಬರಿಸುವುದು. ಹತ್ತು ಸಲ ತೆರೆದ ಕೈ, ಹತ್ತು ಸಲ ಮುಚ್ಚಿದ್ದು. ಅವನ ತೆರೆದ ಕೈ ಎಂದಿನಂತೆ ನೆಟ್ಟಗಿತ್ತು. ಈಗ ಎಳೆಯುವ ಹೊಡೆತಕ್ಕಷ್ಟೇ ಬೆರಳು ಸುತ್ತುತ್ತಾನೆ, ಅದೂ ಪೂಲ್ ಕ್ಯೂ ಸಿಕ್ಕಿದ ದಿನ ಮಾತ್ರ.

ಇಲ್ಲಿಯ ಮಳೆಗಾಲದಲ್ಲಿ ಇನ್ನೊಂದು ಕಾಟ. ಕೈ ಬೆವರಿ, ಕ್ಯೂ ತೇವವಾಗಿ ಉಂಗುರದಲ್ಲಿ ಅಂಟುತ್ತದೆ. ಪೌಡರ್ ಸುರಿದರೆ ಟೇಬಲ್ ಬಟ್ಟೆ ಹಾಳು, ಬೈಗುಳ ಬೇರೆ. ಒಣ ಕರವಸ್ತ್ರದಲ್ಲಿ ಕ್ಯೂ ಒರೆಸಿಕೊಳ್ಳಿ, ಇಲ್ಲವೇ ಮೂರು ಬೆರಳಿನ ಗ್ಲೌಸ್ ಹಾಕಿಕೊಳ್ಳಿ. ಎರಡೂ ಇಲ್ಲದ ಸಂಜೆ ಕೈ ತೆರೆದೇ ಆಡಿ.